ಭರಮವ್ವನ ಕೈ, ನನ್ನ ಕಾಟಾ

ಮಹಾಂತೇಶ ನಗರದ ನಮ್ಮ ಓಣಿಯಲ್ಲಿ ನಾನು ಬರೀ ಮನೆಯಾಕೆ. ಬೆಳಿಗ್ಗೆ ಸ್ನಾನ, ಲಿಂಗಪೂಜೆ, ರೊಟ್ಟಿ, ಮೊಮ್ಮಗಳ ಜಡೆ. ಮೂವತ್ತೊಂದು ವರ್ಷ ಅಂಗನವಾಡಿ ನಡೆಸಿದವಳು ಎಂದರೆ ಬಾಜೂ ಮನೆಯವರು, "ಹೌದೇನ್ರಿ? ಹೇಳೇ ಇಲ್ಲಲ್ಲ!" ಎನ್ನುತ್ತಾರೆ. ಹೇಳುವಂಥದ್ದು ಏನಿತ್ತು? ಸರಕಾರವೇ ನಮ್ಮನ್ನು ನೌಕರರು ಎನ್ನಲಿಲ್ಲ, ಕಾರ್ಯಕರ್ತೆ ಎಂದಿತು. ನಮ್ಮ ಅತ್ತೆಯವರು ಅದನ್ನೂ ಅನ್ನಲಿಲ್ಲ. "ಮಂದಿ ಹುಡುಗರನ್ನ ಕುಂದರಿಸಿಕೊಂಡು ಕುಂದ್ರೂದು, ಅದೂ ಒಂದು ಕೆಲಸೇನು?" ಎನ್ನುತ್ತಿದ್ದರು.

ಈಗ ನನ್ನ ಮೈದುನನ ಸೊಸೆ ವಿದ್ಯಾಳಿಗೆ ನಾನಿದ್ದ ಕೇಂದ್ರದಲ್ಲೇ ಕೆಲಸ ಸಿಕ್ಕಿದೆ. ಫೋನು ಮಾಡಿ, "ದೊಡ್ಡತ್ತಿ, ತರಬೇತಿಯೊಳಗ ಎಲ್ಲಾ ಹೇಳ್ಯಾರ. ಖರೇ ಕೆಲಸ ಹೆಂಗಿರತೈತಿ, ಅದನ್ನಷ್ಟ ಯಾರೂ ಹೇಳಿಲ್ಲ" ಅಂದಳು. ಅವಳಿಗಾಗಿ, ಅವಳಂತೆ ಹೊಸದಾಗಿ ಸೇರುವ ಹೆಣ್ಣುಮಕ್ಕಳಿಗಾಗಿ ನೆನಪಿದ್ದಷ್ಟು ಬರೆಯುತ್ತೇನೆ. ಏನು ಮಾಡಬೇಕು ಎಂಬುದು ನಿಮ್ಮ ಪುಸ್ತಕದಲ್ಲಿದೆ. ನಾನು ಎಲ್ಲಿ ಎಡವಿದೆ ಎಂಬುದು ಮಾತ್ರ ಅದರಲ್ಲಿ ಇರಲಿಕ್ಕಿಲ್ಲ.

ನನ್ನ ಗಂಡನ ಮನೆ ಖಾನಾಪುರದಿಂದ ಒಳಗೆ, ಕಾಡಿನ ಅಂಚಿನ ಒಂದು ಹಳ್ಳಿ. ಯಜಮಾನರು ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಅಲ್ಲಿಂದ ಎರಡು ಕಿಲೋಮೀಟರು ಕಾಲುದಾರಿಯಲ್ಲಿ ನಡೆದರೆ ಖಣಿವಾಡಿ. ಮೂವತ್ತೆಂಟು ಮನೆ. ಬಸ್ಸಿನವರು ಅದನ್ನು 'ಇದ್ದಲಿ ಖಣಿ' ಎನ್ನುತ್ತಿದ್ದರು. ಅಲ್ಲಿ ತೆಗೆಯುತ್ತಿದ್ದುದು ಇದ್ದಲಿಯಲ್ಲ, ಮ್ಯಾಂಗನೀಸ್ ಅದಿರು. ಆದರೆ ಮುಟ್ಟಿದರೆ ಕೈ ಕಪ್ಪಾಗುತ್ತಿತ್ತು, ಅಲ್ಲಿಯ ಹಳ್ಳದ ನೀರು ಕಪ್ಪು, ದಾರಿಯ ಮಣ್ಣು ಕಪ್ಪು. ಹೆಸರು ಹಾಗೆ ಅಂಟಿಕೊಂಡಿತ್ತು.

ನಾನು ಸೇರುವ ಹೊತ್ತಿಗೆ ಖಣಿ ಮುಚ್ಚಿ ಮೂರು ವರ್ಷವಾಗಿತ್ತು. ಕಂಪನಿಯವರು ಹೋದ ಮೇಲೆ ಗಂಡಸರು ಗೋವಾ ಕಡೆ ಕೆಲಸ ಹುಡುಕಿಕೊಂಡರು, ಹೆಂಗಸರು ಖಾನಾಪುರದ ಇಟ್ಟಿಗೆ ಭಟ್ಟಿಗಳಿಗೆ ಹೋಗತೊಡಗಿದರು. ಖಣಿಯ ಹಾಜರಿ ಕೋಣೆಯೇ ನಮ್ಮ ಅಂಗನವಾಡಿ. ನಾನು ಎಷ್ಟು ಸಲ ಸುಣ್ಣ ಹೊಡೆಸಿದರೂ ಮಳೆಗಾಲ ಬಂದರೆ ಗೋಡೆಯೊಳಗಿನಿಂದ ಕಪ್ಪು ಇಣುಕುತ್ತಿತ್ತು. ಮಕ್ಕಳು ಅದಕ್ಕೇ ಬೆರಳು ಒತ್ತಿ, ಹಾಳೆಯ ಮೇಲೆ ಹೂವು ಮೂಡಿಸುತ್ತಿದ್ದರು. ನಮ್ಮ ಕೇಂದ್ರಕ್ಕೆ ಬಣ್ಣದ ಪೆಟ್ಟಿಗೆ ಬಂದದ್ದು ಬಹಳ ತಡವಾಗಿ. ಗೋಡೆಯೇ ಬಣ್ಣ ಕೊಟ್ಟಿತು. ನಾನು ಪೂಜೆಗೆ ಕುಳಿತಾಗ ಹಿಂದಿನ ದಿನ ಸಿಕ್ಕ ಸಣ್ಣ ಸಣ್ಣ ಕೃಪೆಗಳನ್ನು ಬೆರಳ ಗೆಣ್ಣಿನ ಮೇಲೆ ಎಣಿಸುವವಳು. ಅಂಥವನ್ನೇ ಎಣಿಸುತ್ತಿದ್ದೆ: ಮಳೆಯಲ್ಲಿ ಒಲೆ ಹೊತ್ತಿದ್ದು, ಹಾಲಿನ ಪುಡಿಗೆ ಇರುವೆ ಹತ್ತದೇ ಉಳಿದದ್ದು, ಬಸ್ಸಿನವನು ನನ್ನ ಸೀರೆಯ ಬಣ್ಣ ದೂರದಿಂದ ಗುರುತಿಸಿ ನಿಲ್ಲಿಸಿದ್ದು.

ನನ್ನ ಸಹಾಯಕಿ ಭರಮವ್ವ. ನನಗಿಂತ ಹತ್ತು ವರ್ಷ ದೊಡ್ಡವಳು. ಹದಿನಾರರಿಂದ ಖಣಿಯಲ್ಲಿ ಅದಿರಿನ ಬುಟ್ಟಿ ಹೊತ್ತವಳು. ಕುತ್ತಿಗೆ ಕಂಬದಂತೆ ನೆಟ್ಟಗೆ. ಮೊದಲ ದಿನ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಕ್ಕಾರ, ಸಾಲಿ ಕಲಿತೀರಿ, ಛಲೋ ಆತು. ಕೂಸಿನ ಸಿಂಬಳ ತಗ್ಯಾಕ ಬರತೈತಿಲ್ರಿ?" ಎಂದು ಕೇಳಿದ್ದಳು. ಬರುತ್ತದೆ ಎಂದೆ. "ಹಂಗಾರ ಕೆಲಸ ಅರ್ಧ ಮುಗೀತು" ಎಂದಳು.

ಖಣಿಯ ಕತೆಯನ್ನು ಅವಳು ಅಕ್ಕಿ ಆರಿಸುತ್ತ ಹೇಳುತ್ತಿದ್ದಳು. "ಕಾಟಾ ಒಂದ ಇತ್ರಿ, ಹೆಂಗಸರು ಅರವತ್ತು ಮಂದಿ. ಎಲ್ಲಾ ಬುಟ್ಟಿ ತೂಗಾಕ ಎಲ್ಲಿ ಆಗತೈತಿ? ಮುಕಾದಮ ನಡುವ ಒಂದೊಂದ ಹಿಡದ ತೂಗಾಂವ. ಇಪ್ಪತ್ತ ಕಿಲೋ ಇರಬೇಕು. ಕಮ್ಮಿ ಬಂದ್ರ ಅಲ್ಲೇ ಸುರವಾಂವ. ಹೆಚ್ಚಿಗಿ ತುಂಬಿದ್ರ ನಮ್ಮ ಕುತಗಿ ಮುರೀತಿತ್ತು. ಹಿಂಗಾಗಿ ಟೊಂಕದ ಮಟಾ ಎತ್ತಿದ ಕೂಡ್ಲೆ ಕೈಗೆ ತಿಳೀತಿತ್ರಿ, ಇಪ್ಪತ್ತ ಐತೋ ಇಲ್ಲೋ ಅಂತ."

ಖಣಿಯ ಬಾಯಿಯ ಹತ್ತಿರ ಒಂದು ಮರದ ಕೆಳಗೆ ಖಣಿಯವ್ವನ ಕಲ್ಲು ಇತ್ತು. ದಿನದ ಮೊದಲ ಬುಟ್ಟಿಯಿಂದ ಒಂದು ಹೆಂಟೆ ಅದಿರನ್ನು ಆ ದೇವಿಯ ಮುಂದೆ ಇಟ್ಟು ಮುಂದೆ ನಡೆಯುವುದು ಅವರ ರೂಢಿ. ನಾವು ಇಷ್ಟಲಿಂಗ ಪೂಜಿಸುವವರು. ಇಂಥ ಕಲ್ಲಿಗೆ ಕೈ ಮುಗಿಯುವುದು ನಮ್ಮ ಮನೆಯಲ್ಲಿ ಇರಲಿಲ್ಲ. ಆದರೆ ಅಷ್ಟು ವರ್ಷ ಅಷ್ಟು ಹೆಂಗಸರು ಇಟ್ಟ ಕಪ್ಪು ಹೆಂಟೆಗಳ ಗುಡ್ಡೆ ನೋಡಿದರೆ ನಾನೂ ಚಪ್ಪಲಿ ಬಿಟ್ಟು ನಿಲ್ಲುತ್ತಿದ್ದೆ.

ತಪ್ಪುಗಳನ್ನು ಹೇಳುತ್ತೇನೆ ಎಂದೆನಲ್ಲ. ಸಣ್ಣವು ಬಹಳ. ಮೊದಲ ವರ್ಷ ಮಕ್ಕಳಿಗೆ ಕೈ ತೊಳೆಸಿ, ಉಗುರಿನ ಕಪ್ಪು ಹೋಗಲಿಲ್ಲವೆಂದು ಮತ್ತೆ ಮತ್ತೆ ತಿಕ್ಕಿ ಅಳಿಸಿದ್ದೆ. ಒಬ್ಬ ತಾಯಿ ಬಂದು ತನ್ನ ಕೈ ಚಾಚಿ, "ನಂದೂ ತೊಳೀರಿ ಅಕ್ಕಾರ, ಹೋದ್ರ ಹೋಗ್ಲಿ" ಎಂದಳು. ಆಮೇಲೆ ನಾನು ಯಾರ ಉಗುರನ್ನೂ ತಿಕ್ಕಲಿಲ್ಲ. ಇನ್ನೊಮ್ಮೆ ಮೇಲಿನ ಅಧಿಕಾರಿಯೊಬ್ಬರು ಬರುತ್ತಾರೆಂದು ಮಕ್ಕಳಿಗೆ ನಮಸ್ಕಾರ ಹೇಳುವುದನ್ನು ವಾರವಿಡೀ ಕಲಿಸಿದೆ. ಅವರು ಜೀಪಿನಿಂದ ಇಳಿದರೆ ಮಕ್ಕಳೆಲ್ಲ ಡ್ರೈವರನಿಗೆ ಕೈ ಮುಗಿದರು. ಅವನ ಮೀಸೆ ದೊಡ್ಡದಿತ್ತು.

ದೊಡ್ಡ ತಪ್ಪು ಒಂದೇ. ಅದನ್ನು ಬಿಡಿಸಿ ಹೇಳಬೇಕು.

ಆಗ ನಾನು ಕೆಲಸಕ್ಕೆ ಸೇರಿ ಹದಿನಾರು ವರ್ಷವಾಗಿತ್ತು. ಮಕ್ಕಳನ್ನು ತೂಗಲು ಗಡಿಯಾರದಂಥ ಮುಖದ ಕಾಟಾ ಇತ್ತು. ಅದನ್ನು ತೊಲೆಗೆ ತೂಗುಬಿಟ್ಟು, ಕೆಳಗಿನ ಕೊಂಡಿಗೆ ಚಡ್ಡಿಯಂಥ ಒಂದು ಬಟ್ಟೆ ಸಿಕ್ಕಿಸಿ, ಅದರಲ್ಲಿ ಕೂಸನ್ನು ಕೂರಿಸಬೇಕು. ಮೊದಲು ಖಾಲಿ ಚಡ್ಡಿ ತೂಗುಬಿಟ್ಟು, ಹಿಂದಿನ ತಿರುಪು ತಿರುಗಿಸಿ ಮುಳ್ಳನ್ನು ಸೊನ್ನೆಗೆ ತರಬೇಕು. ಕಾಟಾ ಬಂದ ಹೊಸತರಲ್ಲಿ ನಾನೂ ಒಮ್ಮೆ ತಂದಿದ್ದೆ. ಏಳೆಂಟು ವರ್ಷ ಅದೇ ಚಡ್ಡಿ, ಅದೇ ಸೊನ್ನೆ. ತಿರುಪು ಇದೆ ಎನ್ನುವುದೇ ಮರೆತಿತ್ತು.

ಆ ಚಡ್ಡಿ ಹರಿಯಿತು. ಹೊಸದು ಬೇಕೆಂದು ಬರೆದು ಕಳಿಸಿದೆ, ಬರಲಿಲ್ಲ. ಭರಮವ್ವ ಮನೆಯ ಅಟ್ಟದಿಂದ ಖಣಿ ಲಾರಿಗೆ ಹೊದಿಸುತ್ತಿದ್ದ ಹಳೆಯ ತಾಡಪತ್ರಿಯ ತುಂಡು ತಂದು, ಎರಡು ಪದರು ಮಡಿಚಿ, ದಬ್ಬಣದಿಂದ ಹೊಸ ಚಡ್ಡಿ ಹೊಲಿದಳು. "ಇದರಾಗ ಮುಕಾದಮನ್ನ ಕುಂದರಿಸಿದ್ರೂ ಹರಿಯಾಂಗಿಲ್ಲ" ಎಂದಳು. ಆ ತಿಂಗಳು ಅದರಲ್ಲೇ ತೂಗಿದೆವು. ಭರಮವ್ವ ಕೆಳಗೇ ಕೂಸನ್ನು ಚಡ್ಡಿಯೊಳಗೆ ಇಳಿಸಿ, ಎತ್ತಿ ಕೊಂಡಿಗೆ ಸಿಕ್ಕಿಸುವಳು. ನಾನು ಮುಳ್ಳು ನೋಡಿ ಬರೆಯುವೆ. ಖಾಲಿ ಚಡ್ಡಿ ತೂಗುಬಿಟ್ಟಾಗ ಮುಳ್ಳು ಎಲ್ಲಿ ನಿಲ್ಲುತ್ತದೆ ಎಂದು ನಾನು ನೋಡಲೇ ಇಲ್ಲ.

ಆ ದಿನ ಸುಮಿತ್ರಾಳ ಮಗಳು ಕಾವೇರಿಯ ಸರದಿ ಬಂತು. ಹದಿಮೂರು ತಿಂಗಳ ಕೂಸು. ಸುಮಿತ್ರಾ ಭಟ್ಟಿಗೆ ಹೋಗುವವಳು, ಕೂಸು ಅಜ್ಜಿಯ ಹತ್ತಿರ ಇರುತ್ತಿತ್ತು. ಹಿಂದಿನ ತಿಂಗಳು ಆರೂವರೆ ಕಿಲೋ, ಪುಸ್ತಕದ ಬೆಳವಣಿಗೆ ನಕ್ಷೆಯಲ್ಲಿ ಹಳದಿ ಪಟ್ಟಿಯ ಕೆಳ ಅಂಚಿನಲ್ಲಿತ್ತು. ಅದರ ಕೆಳಗೆ ಕೆಂಪು. ಈ ಸಲ ಮುಳ್ಳು ಆರು ಕಿಲೋ ಆರುನೂರು ತೋರಿಸಿತು. ನನಗೆ ಸಮಾಧಾನವಾಯಿತು.

"ಅಕ್ಕಾರ, ಈ ಕೂಸ ಹಗರ ಆಗೈತ್ರಿ" ಎಂದಳು ಭರಮವ್ವ.

"ಹಗರ? ನೋಡಿಲ್ಲಿ, ನೂರು ಗ್ರಾಂ ಹೆಚ್ಚಾಗೇದ."

"ಮುಳ್ಳ ಏನರ ಹೇಳ್ಲಿ. ಕೈಗೆ ಹಗರ ಹತ್ತತೈತಿ."

"ನಿನ್ನ ಕೈಗೆ ಸರಕಾರ ಸಿಕ್ಕಾ ಹೊಡದದೇನು?" ಎಂದೆ. ಕೂಡಿದ್ದ ತಾಯಂದಿರು ನಕ್ಕರು. ಭರಮವ್ವನೂ ನಕ್ಕಳು. ಆದರೆ ಕಾವೇರಿಯನ್ನು ಅಜ್ಜಿಗೆ ಕೊಡದೆ ಇನ್ನೂ ಸ್ವಲ್ಪ ಹೊತ್ತು ಕೈಯಲ್ಲೇ ಇಟ್ಟುಕೊಂಡು ನಿಂತಳು.

ಶನಿವಾರ ಖಾನಾಪುರದಲ್ಲಿ ಸಭೆ. ನಮ್ಮ ಮೇಲ್ವಿಚಾರಕಿ ಬಾಯಾರು ಬಹಳ ಕಟ್ಟುನಿಟ್ಟು, ಹೊಗಳಿದ್ದು ಯಾರೂ ಕೇಳಿಲ್ಲ. ಅಂದು ನನ್ನ ಪುಸ್ತಕ ಎತ್ತಿ ಹಿಡಿದು, "ನೋಡ್ರಿ, ಖಣಿವಾಡಿಯಂಥ ಊರಾಗ ಇಪ್ಪತ್ತೆರಡು ಮಕ್ಕಳು, ಒಂದೂ ತೂಕ ಕಳಕೊಂಡಿಲ್ಲ. ಎಲ್ಲಾ ಏರ್ಯಾವ. ಹೆಂಗ ಮಾಡ್ಯಾರ ಅಂತ ಕೇಳಿ ಕಲೀರಿ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮರುದಿನ ಪೂಜೆಯಲ್ಲಿ ಅದನ್ನು ಮೊದಲ ಬೆರಳಿನ ಮೇಲೆ ಎಣಿಸಿದೆ. ಇದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ. ಎಲ್ಲ ಮಕ್ಕಳೂ ಒಂದೇ ತಿಂಗಳಲ್ಲಿ ಒಟ್ಟಿಗೇ ಏರುವುದುಂಟೇ? ವಿದ್ಯಾ, ನಿನ್ನ ಪುಸ್ತಕದಲ್ಲಿ ಎಂದಾದರೂ ಹಾಗೆ ಕಂಡರೆ ಹಿಗ್ಗಬೇಡ, ಹೆದರು.

ಸೋಮವಾರ ಬೆಳಿಗ್ಗೆ ಭರಮವ್ವ ಕಾವೇರಿಯನ್ನು ಎತ್ತಿಕೊಂಡು ಎರಡು ಕಿಲೋಮೀಟರು ನಡೆದು ನೇರ ನಮ್ಮ ಗಿರಣಿಗೆ ಬಂದಳು. ಕೆಲಸಕ್ಕೆ ಹೊರಟ ನಾನು ಅಲ್ಲೇ ನಿಂತಿದ್ದರೂ ನನ್ನನ್ನು ಮಾತಾಡಿಸಲಿಲ್ಲ. ಯಜಮಾನರಿಗೆ, "ಸಾವಕಾರ್ರ, ನಿಮ್ಮ ತಕ್ಕಡಿ ಮ್ಯಾಲ ಈ ಕೂಸನ್ನ ಇಡ್ಲೇನ್ರಿ?" ಎಂದಳು. ಅವರು ತಟ್ಟೆಯ ಹಿಟ್ಟು ಒರೆಸಿ ಪಂಚೆ ಹಾಸಿದರು, ಆ ಪಂಚೆಯ ತೂಕದ್ದೇ ಇನ್ನೊಂದನ್ನು ಆಚೆ ತಟ್ಟೆಗೂ ಹಾಸಿದರು. ಕೂಸು ಅಳಲೂ ಇಲ್ಲ, ಸುಮ್ಮನೆ ಮಲಗಿತ್ತು. ಐದು ಕಿಲೋದ ಕಲ್ಲು ಇಟ್ಟರು, ಒಂದು ಕಿಲೋದ್ದು ಇಟ್ಟರು, ನೂರು ಗ್ರಾಂ ಇಟ್ಟರು. ತಕ್ಕಡಿ ಸಮನಾಗಿ ನಿಂತಿತು. ಅವರು ನನ್ನ ಕಡೆ ನೋಡಿದರು.

ಆರು ಕಿಲೋ ನೂರು. ನನ್ನ ಪುಸ್ತಕದಲ್ಲಿ ಆರು ಕಿಲೋ ಆರುನೂರು.

ನಾನು ಖಣಿವಾಡಿಗೆ ಅರ್ಧ ಓಡುತ್ತ ಹೋಗಿ ಆ ತಾಡಪತ್ರಿ ಚಡ್ಡಿ ತಂದು ಅದೇ ತಕ್ಕಡಿಯಲ್ಲಿ ಇಟ್ಟೆ. ಸರಿಯಾಗಿ ಅರ್ಧ ಕಿಲೋ. ಹಳೆಯ ಬಟ್ಟೆಯದು ಹೂವಿನಷ್ಟು ಹಗುರವಿತ್ತು. ಇಪ್ಪತ್ತೆರಡು ಮಕ್ಕಳ ಮೈಮೇಲೆ ನಾನು ಹತ್ತಿರ ಹತ್ತಿರ ಅರ್ಧರ್ಧ ಕಿಲೋ ಸುಳ್ಳು ಮಾಂಸ ಹಚ್ಚಿದ್ದೆ.

"ಅಯ್ಯ ಯವ್ವಾ, ನಾನಽ ಹೊಲದೆನಲ್ರಿ ಅದನ್ನ!" ಎಂದು ಭರಮವ್ವ ಬಾಯಿಗೆ ಸೆರಗು ಹಿಡಿದಳು.

"ಹೊಲಿದದ್ದು ನಿನ್ನ ಕೆಲಸ, ನೋಡೂದು ನನ್ನ ಕೆಲಸಿತ್ತು" ಎಂದೆ.

ಕಾವೇರಿ ಕೆಂಪು ಪಟ್ಟಿಗೆ ಇಳಿದಿದ್ದಳು. ಅಂಥ ಮಕ್ಕಳನ್ನು ಬೆಳಗಾವಿಯ ದೊಡ್ಡ ದವಾಖಾನೆಗೆ ಸೇರಿಸಬೇಕು. ಅದಕ್ಕೆ ಪುಸ್ತಕದಲ್ಲಿ ಕೆಂಪು ಗುರುತು ಇರಬೇಕು, ಮೇಲ್ವಿಚಾರಕಿಯವರ ಚೀಟಿ ಬೇಕು. ಎರಡು ದಿನದ ಹಿಂದೆ ಅವರೇ ಚಪ್ಪಾಳೆ ಹೊಡೆಸಿದ ಪುಸ್ತಕ ಅದು. ಯಜಮಾನರು ನನ್ನ ಮುಖ ನೋಡಿ ಮರುಗಿ, "ಕೂಸಿಗೆ ಇಲ್ಲೇ ಹಾಲು, ಗಂಜಿ ಕೊಡೂಣು. ಮುಂದಿನ ತಿಂಗಳ ತೂಗೂದ್ರಾಗ ಸರಿ ಆಗತೈತಿ. ಯಾರಿಗೆ ತಿಳೀತೈತಿ?" ಎಂದರು. ಅವರು ಕೆಟ್ಟವರಲ್ಲ. ನನ್ನ ಮಾನ ಉಳಿಯಲಿ ಎಂದರು, ಅಷ್ಟೇ. ನನಗೂ ಒಂದು ಗಳಿಗೆ ಅದೇ ಸರಿ ಅನ್ನಿಸಿತು. ನಿಜ ಹೇಳಬೇಕಲ್ಲ.

ಭರಮವ್ವ ಕೂಸಿಗೆ ಚಮಚೆಯಿಂದ ನೀರು ಕುಡಿಸುತ್ತಿದ್ದಳು. ತಲೆ ಎತ್ತದೆ ಹೇಳಿದಳು: "ಖಣ್ಯಾಗ ಬುಟ್ಟಿ ಕಮ್ಮಿ ಬಂದ್ರ ಮುಕಾದಮ ಎಲ್ಲಾರ ಮುಂದ ಸುರವ್ತಿದ್ದ ಅಕ್ಕಾರ. ನಾಚಿಗಿ ಬರ್ತಿತ್ತು. ಮತ್ತ ತುಂಬಕೊಂಡ ಹೋಗ್ತಿದ್ವಿ. ಅಷ್ಟ."

ಅಂದೇ ಮಧ್ಯಾಹ್ನ ಖಾನಾಪುರದ ಬಸ್ಸು ಹಿಡಿದೆವು. ನಾನು, ಭರಮವ್ವ, ಕೂಸು. ಸುಮಿತ್ರಾಳನ್ನು ದಾರಿಯಲ್ಲಿ ಭಟ್ಟಿಯಿಂದಲೇ ಕರೆದುಕೊಂಡೆವು. ಅವಳು ಕೈಯ ಕೆಸರು ತೊಳೆಯುವವರೆಗೆ ಕಂಡಕ್ಟರು ಬಸ್ಸು ನಿಲ್ಲಿಸಿದ. ಆ ಉಪಕಾರವನ್ನು ನಾನು ಇಂದಿಗೂ ಎಣಿಸುತ್ತೇನೆ.

ಬಾಯಾರು ಕಚೇರಿಯಲ್ಲಿ ಒಬ್ಬರೇ ಇರಲಿಲ್ಲ, ನಾಲ್ಕೈದು ಜನ ಕಾರ್ಯಕರ್ತೆಯರಿದ್ದರು. ಅವರೆಲ್ಲರ ಮುಂದೆ ಚಡ್ಡಿಯನ್ನು ಮೇಜಿನ ಮೇಲೆ ಇಟ್ಟು ನಡೆದದ್ದು ಹೇಳಿದೆ. ಬಾಯಾರ ಮುಖ ಕೆಂಪಾಯಿತು. "ಮ್ಯಾಲೆ ಕಳಿಸಿ ಆಗೇದ್ರಿ! ಈಗ ನಾ ಏನಂತ ಬರೀಲಿ? ಮೂವತ್ತು ಮಂದಿ ಮುಂದ ನಿಮ್ಮನ್ನ ಹೊಗಳೀನಿ!" ಎಂದರು.

"ನಂದಽ ತಪ್ಪು ಅಂತ ಬರೀರಿ ಬಾಯಾರ. ಮೊದಲ ಚೀಟಿ ಕೊಡ್ರಿ, ಆಮ್ಯಾಲೆ ಬೈರಿ."

ಅವರು ಭರಮವ್ವನ ಮಡಿಲಿನ ಕೂಸನ್ನು ನೋಡಿದರು. ಚೀಟಿ ಬರೆದರು. ಬೈದರು, ಅದರಲ್ಲಿ ಕಡಿಮೆ ಮಾಡಲಿಲ್ಲ. ನಾನು ಅಲ್ಲೇ ಕುಳಿತು ಇಪ್ಪತ್ತೆರಡು ತೂಕಗಳನ್ನು ಕೆಂಪು ಶಾಯಿಯಿಂದ ಹೊಡೆದು ಹಾಕಿದೆ. ಮುಂದಿನ ಸಭೆಗೆ ಬಾಯಾರು ಎಲ್ಲರೂ ತಮ್ಮ ತಮ್ಮ ಕಾಟಾ ತರಬೇಕು ಎಂದು ಹೇಳಿದರು. ತಂದು ನೋಡಿದರೆ ಸೊನ್ನೆ ತಪ್ಪಿದ್ದು ನನ್ನದೊಂದೇ ಆಗಿರಲಿಲ್ಲ. ಅದು ನನಗೆ ಸಮಾಧಾನ ಕೊಡಲಿಲ್ಲ.

ಬೆಳಗಾವಿಯಲ್ಲಿ ಡಾಕ್ಟರರು ಕಾವೇರಿಯ ತೋಳಿಗೆ ಬಣ್ಣದ ಪಟ್ಟಿ ಸುತ್ತಿ ನೋಡಿದರು. ಎದೆಯಲ್ಲಿ ಕಫ ಕಟ್ಟಿತ್ತು, ಭೇದಿಯೂ ಇತ್ತು. "ಇವತ್ತ ತಂದೀರಲ್ಲ, ಛಲೋ ಆತು" ಎಂದರು, ಅಷ್ಟೇ. ಆ 'ಇವತ್ತ' ಎಂಬ ಮಾತು ನನಗೆ ಸಾಕಾಯಿತು. ಹದಿನೈದು ದಿನ ಸುಮಿತ್ರಾ ಅಲ್ಲಿದ್ದಳು. ಮೊದಲ ನಾಲ್ಕು ದಿನ ಕೂಸು ಚಮಚೆಯನ್ನು ನಾಲಿಗೆಯಿಂದ ದೂಡುತ್ತಿತ್ತು. ಐದನೆಯ ದಿನ ಚಮಚೆಯನ್ನು ಕಚ್ಚಿ ಹಿಡಿದು ಬಿಡಲೊಲ್ಲದಾಯಿತು. ಸುಮಿತ್ರಾ ವಾರ್ಡಿನಲ್ಲಿ ಎಲ್ಲರಿಗೂ ಅದನ್ನು ಕರೆದು ತೋರಿಸಿದಳಂತೆ.

ಅವರು ಊರಿಗೆ ಮರಳಿದ ದಿನ ನಾನು ಕಾಟಾ ತೂಗುಬಿಟ್ಟು, ಸೊನ್ನೆ ಮಾಡಿ, ಕಾದು ಕುಳಿತಿದ್ದೆ. ಭರಮವ್ವ ಅದಕ್ಕೆ ಮೊದಲೇ ಕೂಸನ್ನು ಎತ್ತಿಕೊಂಡಳು. ಕಣ್ಣು ಮುಚ್ಚಿದಳು. "ಹಾಂ. ಈಗ ಕೂಸ ಆತು" ಎಂದಳು. ಆಮೇಲೆ ನಾನು ಮುಳ್ಳು ನೋಡಿದೆ. ಏಳು ಕಿಲೋ ಮುಟ್ಟಿತ್ತು.

ಮುಂದಿನ ತಿಂಗಳಿಂದ ನಮ್ಮಲ್ಲೊಂದು ಹೊಸ ಪದ್ಧತಿ ಬಂತು. ಭರಮವ್ವ ಖಣಿಯವ್ವನ ಮುಂದಿನ ಗುಡ್ಡೆಯಿಂದ ಒಂದು ಅದಿರಿನ ಹೆಂಟೆ ತಂದಳು. ಗಿರಣಿಯಲ್ಲಿ ತೂಗಿದೆವು, ಎರಡು ಕಿಲೋ ನೂರು. ತೂಗುವ ದಿನ ಮೊದಲು ಆ ಹೆಂಟೆಯನ್ನು ಚಡ್ಡಿಯಲ್ಲಿ ಕೂರಿಸಬೇಕು, ಮುಳ್ಳು ಎರಡು ಕಿಲೋ ನೂರಕ್ಕೆ ನಿಲ್ಲಬೇಕು, ಆಮೇಲೆ ಮಕ್ಕಳು. "ಅವ್ವನ ಮುಂದಿನ ಕಲ್ಲ ಸುಳ್ಳ ಹೇಳಾಂಗಿಲ್ರಿ" ಎನ್ನುತ್ತಿದ್ದಳು. ಮಕ್ಕಳು ಆ ಕಲ್ಲಿಗೆ 'ಇಪ್ಪತ್ಮೂರನೇ ಕೂಸು' ಎಂದು ಹೆಸರಿಟ್ಟಿದ್ದರು. ನಾನು ನಿವೃತ್ತಳಾಗುವವರೆಗೆ ಅದರ ತೂಕ ಒಂದು ಗ್ರಾಂ ಏರಲಿಲ್ಲ, ಇಳಿಯಲಿಲ್ಲ. ಅಂಥ ಆರೋಗ್ಯದ ಕೂಸು ಇನ್ನೊಂದಿರಲಿಲ್ಲ.

ಆಮೇಲೆ ಬಹಳ ಬದಲಾಯಿತು. ಹತ್ತಾರು ಪುಸ್ತಕ ಹೋಗಿ ಮೊಬೈಲು ಬಂತು. ನೆಟ್‌ವರ್ಕ್ ಸಿಗಲೆಂದು ನಾನು ಖಣಿಯ ಹಳೆಯ ಮಣ್ಣಿನ ದಿಬ್ಬ ಹತ್ತಿ, ಕೈ ಮೇಲೆತ್ತಿ ನಿಲ್ಲುತ್ತಿದ್ದೆ. ಕೆಳಗಿನಿಂದ ಭರಮವ್ವ, "ಸಿಕ್ಕೇನ್ರಿ ದೇವರು?" ಎಂದು ಕೂಗುತ್ತಿದ್ದಳು. ಮುಳ್ಳಿನ ಕಾಟಾ ಹೋಗಿ ಅಂಕಿ ತೋರಿಸುವ ಕಾಟಾ ಬಂತು. ಮೊಟ್ಟೆ ಬಂತು, ಬಣ್ಣ ಬಂತು, ಕುರ್ಚಿ ಬಂತು. ಎಲ್ಲವೂ ಒಳ್ಳೆಯದೇ. ಕಲ್ಲನ್ನು ಮಾತ್ರ ನಾನು ಬಿಡಲಿಲ್ಲ.

ನಾನು ನಿವೃತ್ತಳಾದ ಮರುವರ್ಷ ಯಜಮಾನರು ಲಿಂಗೈಕ್ಯರಾದರು. ಗಿರಣಿಯನ್ನು ಮೈದುನ ನೋಡಿಕೊಂಡ, ನಾನು ಬೆಳಗಾವಿಯ ಮಗನ ಮನೆಗೆ ಬಂದೆ. ಹೋದ ತಿಂಗಳು ವಿದ್ಯಾ ಕೆಲಸಕ್ಕೆ ಸೇರುವ ದಿನ ನಾನೂ ಜೊತೆಗೆ ಹೋದೆ. ಖಣಿಯ ತಗ್ಗುಗಳಲ್ಲಿ ನೀರು ನಿಂತು ತಾವರೆ ಬಂದಿವೆ. ಸುತ್ತಲೂ ತಂತಿಬೇಲಿ. ಹಾಜರಿ ಕೋಣೆಯ ಜಾಗದಲ್ಲಿ ಹೊಸ ಕಟ್ಟಡ, ಗೋಡೆಯ ಮೇಲೆ ಆನೆ, ನವಿಲು. ಕಪ್ಪು ಎಲ್ಲೂ ಇಣುಕುವುದಿಲ್ಲ. ನಾನು ಸ್ವಲ್ಪ ಹುಡುಕಿದೆ.

ಭರಮವ್ವ ಮೂಲೆಯಲ್ಲಿ ಕುರ್ಚಿಯ ಮೇಲೆ ಕುಳಿತಿದ್ದಳು. ಎರಡೂ ಕಣ್ಣಿಗೆ ಪೊರೆ, ಯಾರನ್ನೂ ಗುರುತಿಸಳು. ಅವಳನ್ನು ಕರೆತಂದವಳು ಕಾವೇರಿ. ಈಗ ಖಾನಾಪುರದಲ್ಲಿ ಕಾಲೇಜಿಗೆ ಹೋಗುತ್ತಾಳೆ, ನನಗಿಂತ ಒಂದು ಗೇಣು ಎತ್ತರ. ವಿದ್ಯಾ ಹೊಸ ಕಾಟಾ ತೆಗೆದಳು. ಕಾವೇರಿ ಹೇಳಿಕೊಟ್ಟಿದ್ದಳೇನೋ, ನಾನು ಬಾಯಿ ತೆರೆಯುವ ಮೊದಲೇ ವಿದ್ಯಾ ಕಪಾಟಿನಿಂದ ಆ ಅದಿರಿನ ಹೆಂಟೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದು ಇಟ್ಟಳು. ಎರಡು ಕಿಲೋ ನೂರು. "ಇಪ್ಪತ್ಮೂರನೇ ಕೂಸು ಆರಾಮ ಐತಿ ದೊಡ್ಡತ್ತಿ" ಎಂದು ನಕ್ಕಳು.

ಆ ಮಾತಿಗೆ ಭರಮವ್ವ ಮುಖ ಎತ್ತಿದಳು. "ಅಕ್ಕಾರ ಬಂದಾರೇನು?"

ಹತ್ತಿರ ಹೋಗಿ ಅವಳ ಕೈ ಹಿಡಿದೆ. ಅವಳು ನನ್ನ ಮೊಣಕೈವರೆಗೆ ಸವರಿದಳು, ಹೆಗಲು ಹಿಡಿದಳು. ಎದ್ದು ನಿಂತು, ಎಪ್ಪತ್ತೈದರ ಹತ್ತಿರದ ಆ ಮುದುಕಿ, ನನ್ನ ಟೊಂಕಕ್ಕೆ ಎರಡೂ ಕೈ ಹಾಕಿ ಒಂದು ಸಲ ಅಲುಗಿಸಿದಳು, ಬುಟ್ಟಿ ಎತ್ತುವ ಮೊದಲು ಅಲುಗಿಸುವ ಹಾಗೆ. ಮಕ್ಕಳು ಕೇಕೆ ಹಾಕಿ ನಕ್ಕರು. ಅವಳು ನಗಲಿಲ್ಲ.

"ಹಗರ ಆಗೀರಿ ಅಕ್ಕಾರ."

"ವಯಸ್ಸಾತಲ್ಲ ಭರಮವ್ವ."

"ವಯಸ್ಸಿನ ಹಗರ ಬ್ಯಾರೆ. ಸಾವಕಾರ್ರು ಹೋದ ಮ್ಯಾಲೆ ಸೋಮವಾರ ಬಿಟ್ಟು ಇನ್ನೆಷ್ಟ ವಾರ ಹಿಡದೀರಿ?"

ಯಜಮಾನರಿದ್ದಾಗ ಸೋಮವಾರ ಒಂದೇ ಉಪವಾಸ, ಈಗ ವಾರಕ್ಕೆ ಮೂರು: ಸೋಮವಾರ, ಗುರುವಾರ, ಶನಿವಾರ. ಮಗನಿಗೆ ವ್ರತ ಎಂದಿದ್ದೆ, ಸೊಸೆಗೆ ಹಸಿವಿಲ್ಲ ಎಂದಿದ್ದೆ. ಒಬ್ಬಳೇ ತಟ್ಟೆಯ ಮುಂದೆ ಕುಳಿತರೆ ತುತ್ತು ಇಳಿಯುವುದಿಲ್ಲ ಎಂಬುದನ್ನು ದೇವರಿಗೂ ಹೇಳಿರಲಿಲ್ಲ. ಅದಕ್ಕೂ ಭಕ್ತಿಯ ಹೆಸರು ಕೊಟ್ಟಿದ್ದೆ.

ವಿದ್ಯಾ, "ದೊಡ್ಡತ್ತಿ, ಇಲ್ಲೇ ದೊಡ್ಡವರ ಕಾಟಾನೂ ಐತಿ. ನಿಂದರ್ರಿ, ನೋಡೇ ಬಿಡೂಣು" ಎಂದಳು.

ಬೇಡ ಎಂದೆ. ಆ ಕೈಯ ಮಾತು ಬಿಟ್ಟು ಮುಳ್ಳು ನೋಡಿದ್ದು ಒಂದು ಸಲಕ್ಕೆ ಸಾಕು. ಚಪ್ಪಲಿ ಬದಿಗಿಟ್ಟು ಮಕ್ಕಳ ಸಾಲಿನಲ್ಲಿ ನೆಲಕ್ಕೆ ಕುಳಿತೆ. ಅಂದು ಗುರುವಾರ. ಕಾವೇರಿ ನನ್ನ ಮುಂದೆ ತಟ್ಟೆ ಇಟ್ಟು ಅನ್ನ, ಸಾರು ಬಡಿಸಿದಳು. ಭರಮವ್ವ ನನ್ನ ಬಾಜೂ ಕುಳಿತು, ಕಣ್ಣು ಕಾಣದಿದ್ದರೂ, ಕೊನೆಯ ತುತ್ತಿನವರೆಗೂ ನನ್ನ ತಟ್ಟೆಯ ಅಂಚು ಹಿಡಿದೇ ಇದ್ದಳು.